ಜಾಂಗಡಕ್ಕೆ ತಂದ ನಾಲ್ಕು ಯಂತ್ರಗಳು

ಮೇಲಿನ ಮನೆಯ ಹನುಮಂತನ ಮೇಲೆ ಕಾಶೀನಾಥನಿಗೆ ಹೊಟ್ಟೆಕಿಚ್ಚು ಎಂಬುದು ಎಳ್ಳಷ್ಟೂ ಇರಲಿಲ್ಲ. (ಹಾಗೆಂದು ಅವನೇ ದಿನಕ್ಕೆ ಮೂರು ಸಲ ಹೇಳಿಕೊಳ್ಳುತ್ತಿದ್ದ.) ಹನುಮಂತ ಗದಗಿನ ಕಡೆಯವನು. ರೈಲ್ವೆಯಲ್ಲಿ ಗುಮಾಸ್ತ. ಎರಡು ವರ್ಷದ ಹಿಂದೆ ವರ್ಗವಾಗಿ ಹೆಂಡತಿ ದೀಪಾಲಿಯೊಡನೆ ನಾಗಪುರಕ್ಕೆ ಬಂದು, ಮನೀಶ್ ನಗರದಲ್ಲಿ ಕಾಶೀನಾಥನಿದ್ದ ಕಟ್ಟಡದ ಮೂರನೆಯ ಮಹಡಿ ಹಿಡಿದಿದ್ದ. ಸಾಧು ಮನುಷ್ಯ, ಮೆಟ್ಟಿಲ ಮೇಲೆ ಸಿಕ್ಕರೆ ಎರಡೂ ಕೈ ಜೋಡಿಸುತ್ತಿದ್ದ. ಅವನಲ್ಲಿದ್ದ ದೋಷ ಒಂದೇ. ಅವನು ಚೌಕಾಸಿ ಮಾಡದೆ ಸಾಮಾನು ಕೊಳ್ಳುತ್ತಿದ್ದ, ಮತ್ತು ಹಾಗೆ ಕೊಂಡ ಸಾಮಾನು ಕೆಡುತ್ತಿರಲಿಲ್ಲ.

ಇತವಾರಿ ಪೇಟೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸ್ಟೀಲ್ ಪಾತ್ರೆಗಳ ಅಂಗಡಿ ನಡೆಸಿಕೊಂಡು, ಒಂದು ಕಟ್ಟು ಕೊತ್ತಂಬರಿಯನ್ನೂ ಮೂರು ಸುತ್ತು ಮಾತಾಡಿ ತರುವ ಕಾಶೀನಾಥನಿಗೆ ಇದು ಸೃಷ್ಟಿನಿಯಮಕ್ಕೇ ಮಾಡಿದ ಅವಮಾನವಾಗಿ ಕಾಣುತ್ತಿತ್ತು.

ಅವನ ಸ್ವಂತ ಮನೆಯ ಮಿಕ್ಸರ್ ಹನ್ನೊಂದು ವರ್ಷದ ಹಿಂದೆ ಮುನ್ನೂರು ರೂಪಾಯಿ ಕಡಿಮೆ ಮಾಡಿಸಿ ತಂದದ್ದು. ಆ ಮುನ್ನೂರರ ವಿಜಯಗಾಥೆಯನ್ನು ಬೀಗರೆಲ್ಲ ಕೇಳಿದ್ದರು. ಈಗ ಅದು ಶುರುವಾಗಬೇಕಾದರೆ ಹೆಂಡತಿ ಸಪ್ನಾ ಒಂದು ಕೈಯಲ್ಲಿ ಮುಚ್ಚಳ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಅದರ ಬೆನ್ನಿಗೆ ಎರಡೇಟು ಕೊಡಬೇಕಿತ್ತು.

"ಮ್ಯಾಲಿನ ಮನಿಗೆ ಹೊಸಾ ಮಿಕ್ಸರ್ ಬಂದೈತ್ರಿ," ಎಂದಳು ಸಪ್ನಾ ಒಂದು ಬೆಳಿಗ್ಗೆ, ಅವನ ತಟ್ಟೆಗೆ ಅರೆಬರೆ ರುಬ್ಬಿದ ಚಟ್ನಿ ಬಡಿಸುತ್ತ. "ದೀಪಾಲಿ ರುಬ್ಬಾಕತ್ರ ಬಾಜೂಕ ಕುಂತು ಫೋನ್‌ನ್ಯಾಗ ಮಾತಾಡಬಹುದು. ನಮ್ದು ಚಾಲೂ ಮಾಡಿದ್ರ ಕೆಳಗ ವಾಚ್‌ಮನ್ ಎದ್ದು ನಿಂದರ್ತಾನ."

"ಸಪ್ಪಳ ಇಲ್ಲಂದ್ರ ಒಳಗ ಮೋಟರ್ ಸಣ್ಣದು ಇರತೈತಿ. ಯಾರೋ ಟೋಪಿ ಹಾಕ್ಯಾರ ಅವಂಗ."

"ಹನುಮಂತಣ್ಣ ಹ್ವಾದ್ರಂತ, ರೇಟ್ ಕೇಳಿದ್ರಂತ, ಕೊಟ್ರಂತ, ಬಂದ್ರಂತ. ಬರೋಬರ್ ಅರ್ಧಾ ತಾಸು. ನೀವು ಈ ಮಿಕ್ಸರ್ ತರಾಕ ಎಷ್ಟ ದಿನಾ ಓಡ್ಯಾಡಿದ್ರಿ?"

ಒಂಬತ್ತು ದಿನ. ಅದನ್ನು ಹೇಳುವುದು ಉಚಿತವಲ್ಲವೆಂದು ಕಾಶೀನಾಥ ಚಟ್ನಿಯೊಳಗಿನ ಇಡೀ ಶೇಂಗಾ ಕಾಳೊಂದನ್ನು ಅಗಿಯುತ್ತ ಕುಳಿತ. ಅಗಿದು ಮುಗಿಯುವಷ್ಟರಲ್ಲಿ ನಿರ್ಧಾರವೂ ಗಟ್ಟಿಯಾಗಿತ್ತು. ಹನುಮಂತ ಹೊಟ್ಟೆ ಉರಿದುಕೊಳ್ಳಬೇಕು. ಒಂದು ಸಲ, ಒಂದೇ ಒಂದು ಸಲ, ಈ ಹೆಂಗಸಿನ ಬಾಯಿಂದ 'ಹನುಮಂತಣ್ಣಗಿಂತ ನೀವ ಚಲೋ' ಎಂಬ ಮಾತು ಹೊರಡಬೇಕು.

"ಒಂಬತ್ತು ಸಾವಿರ," ಎಂದು ರಾಜಾಜ್ಞೆ ಹೊರಡಿಸಿದ. "ಒಂದ ಯಂತ್ರ. ಯಾವದ್ ಬೇಕು ನೀನ ಆರಿಸು."

ಸಪ್ನಾ ಆರಿಸಲು ಕುಳಿತಳು. ಮಿಕ್ಸರ್ ಬೇಕೇ ಬೇಕು. ಆದರೆ ದಿನಕ್ಕೆ ಇಪ್ಪತ್ತೈದು ಚಪಾತಿಗೆ ಹಿಟ್ಟು ನಾದಿ ಮಣಿಕಟ್ಟು ಹಿಡಿದುಕೊಂಡಿತ್ತು, ಅದಕ್ಕೆ ಹಿಟ್ಟು ನಾದುವ ಯಂತ್ರ ಬೇಕು. ಕರೆಂಟಿನ ಅನ್ನದ ಕುಕ್ಕರ್ ಇದ್ದರೆ ಸೀಟಿ ಎಣಿಸುವ ಕೆಲಸವಿಲ್ಲ. ಎಣ್ಣೆಯಿಲ್ಲದೆ ಕರಿಯುವ ಏರ್ ಫ್ರೈಯರ್ ಬಂದರೆ ಗಂಡನ ಹೊಟ್ಟೆಯಾದರೂ ಇಳಿದೀತು. ಮೂರು ದಿನ ಕಳೆದರೂ ಪಟ್ಟಿಯಿಂದ ಒಂದು ಹೆಸರೂ ಇಳಿಯಲಿಲ್ಲ. ಐದನೆಯದಾಗಿ ವಾಷಿಂಗ್ ಮಷೀನಿನ ಮಾತು ಹೊರಡುವ ಲಕ್ಷಣ ಕಂಡಿತು.

ಆಗಲೇ ಕಾಶೀನಾಥನ ವ್ಯಾಪಾರಿ ತಲೆಯೊಳಗೆ ಜಾಂಗಡ ಎಂಬ ದಿವ್ಯಶಬ್ದ ಮೊಳಗಿದ್ದು. ಪೇಟೆಯಲ್ಲಿ ವ್ಯಾಪಾರಿಗಳ ನಡುವೆ ಇದು ಹಳೆಯ ನಡಾವಳಿ. ಮಾಲನ್ನು ದುಡ್ಡು ಕೊಡದೆ ಒಯ್ಯುವುದು. ಪಸಂದಾದರೆ ದುಡ್ಡು, ಇಲ್ಲದಿದ್ದರೆ ಮಾಲು ವಾಪಸ್. ಎದುರಿನ ಸಾಲಿನಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿದ್ದ ಚಂದನ್ ಶೇಠ್ ಹಳೆಯ ಪರಿಚಯದವನು. ಪ್ರದರ್ಶನಕ್ಕಿಟ್ಟಿದ್ದ ನಾಲ್ಕು ಯಂತ್ರಗಳನ್ನು ಎಂಟು ದಿನದ ಮಟ್ಟಿಗೆ ಕೊಡಲು ಅವನು ಒಪ್ಪಿದ.

"ಕಾಶೀಭಾಯಿ, ಆರಾಮಾಗಿ ಬಳಸಿ, ತೊಳೆದು ಒರೆಸಿ ಕೊಡಿ," ಎಂದ ಶೇಠ್ ತನ್ನ ಹಿಂದಿಯಲ್ಲಿ. "ಗೀರು ಮಾತ್ರ ಬೀಳಬಾರದು. ಗೀರು ಬಿದ್ದರೆ ಮಾಲು ನಿಮ್ಮದು."

ಗುರುವಾರ ನಾಲ್ಕೂ ಯಂತ್ರಗಳು ಆಟೋದಲ್ಲಿ ಬಂದವು. ಅಡುಗೆಮನೆಯ ಕಟ್ಟೆ ಮದುವೆಯ ಮಂಟಪದಂತೆ ತುಂಬಿಹೋಯಿತು. ಹಳೆಯ ಮಿಕ್ಸರನ್ನು ಕಾಶೀನಾಥ ಮಂಚದ ಕೆಳಗೆ ತಳ್ಳಿದ.

ರವಿವಾರ ಹನುಮಂತ ದಂಪತಿಗಳಿಗೆ ಚಹಕ್ಕೆ ಆಮಂತ್ರಣ ಹೋಯಿತು. ನೆಪ, ಏರ್ ಫ್ರೈಯರ್‌ನಲ್ಲಿ ಮಾಡಿದ ಮಿರ್ಚಿ ಭಜಿ. ಕಾಶೀನಾಥ ಅವರನ್ನು ಸೋಫಾದ ಮೇಲೆ ಕೂಡಿಸಲೇ ಇಲ್ಲ. ಕೈ ತೊಳೆಯುವ ನೆಪದಲ್ಲಿ ನೆಟ್ಟಗೆ ಅಡುಗೆಮನೆಗೇ ಕರೆದೊಯ್ದ.

"ಅಯ್ಯ, ನಾಕೂ ಒಮ್ಮೆಲೇ ತಂದ್ರೇನ್ರಿ," ಎಂದಳು ದೀಪಾಲಿ. ಅವಳ ಕಣ್ಣು ಹಿಟ್ಟು ನಾದುವ ಯಂತ್ರದ ಮೇಲೆಯೇ ನೆಟ್ಟಿತ್ತು.

"ಏನ್ ಮಾಡೂದ್ರಿ, ಇಕಿಗೆ ತ್ರಾಸ ಆಗಬಾರದು ನೋಡ್ರಿ," ಎಂದ ಕಾಶೀನಾಥ, ಹದಿನೇಳು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ. ಸಪ್ನಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಗಂಡನ ಮುಖ ನೋಡಿದಳು.

ಕಾಶೀನಾಥ ಹನುಮಂತನ ಮುಖದಲ್ಲಿ ಕಿಚ್ಚಿನ ಹೊಗೆಗಾಗಿ ಹುಡುಕಿದ. ಅಲ್ಲಿ ಶುದ್ಧ ಸಂತೋಷವಿತ್ತು. "ಭಾಳ ಚಲೋ ಮಾಡಿದ್ರಿ ಕಾಶೀನಾಥರ," ಎನ್ನುತ್ತ ಅವನು ಎರಡನೆಯ ಮಿರ್ಚಿಗೆ ಕೈ ಹಾಕಿದ. ಹೊಟ್ಟೆ ಉರಿಸಬೇಕೆಂದು ಕರೆದವನು ಹೊಟ್ಟೆ ತುಂಬಿಸಿಕೊಂಡು ಹೋಗುವ ಹಾಗೆ ಕಂಡಿತು. ಇನ್ನು ಬ್ರಹ್ಮಾಸ್ತ್ರವೇ ಗತಿ.

"ಆ ಹಿಟ್ಟು ನಾದೂದು ಎಷ್ಟಕ್ಕ ಬಂತು ಹೇಳ್ರಿ ನೋಡೋಣು?" ಎಂದ ಕಾಶೀನಾಥ.

"ಎಂಟು ಸಾವಿರ ಇರತೈತ್ರಿ ಅದು. ನಾವೂ ಅಂಗಡ್ಯಾಗ ಕೇಳಿದ್ವಿ," ಎಂದ ಹನುಮಂತ.

ಎಂಟೇ ಸಾವಿರ ಇತ್ತು. ಕಾಶೀನಾಥ ಚಹದ ಬಸಿಯೊಳಗೆ ಉಫ್ ಎಂದು ಊದಿ, ಹೊರಗೆ ಮೋಡ ಕವಿದಿದೆ ಎನ್ನುವಷ್ಟು ಸಹಜವಾಗಿ ನುಡಿದ: "ನಾಕು."

"ನಾಕು?"

"ನಾಕು ಸಾವಿರ. ಅದಕ್ಕ ಪ್ಯಾಟಿ ಗೊತ್ತಿರಬೇಕ್ರಿ ಹನುಮಂತರಾವ್. ರೇಟ್ ಕೇಳಿ ಕೊಟ್ಟು ಬರೂದಲ್ಲ."

ಹನುಮಂತನ ಕೈಯಲ್ಲಿ ಮಿರ್ಚಿ ನಿಂತೇಬಿಟ್ಟಿತು. ದೀಪಾಲಿ ಗಂಡನ ಕಡೆ ಒಂದು ನೋಟ ಹರಿಸಿದಳು. ಆ ನೋಟದ ಬೆಲೆ ಕಾಶೀನಾಥನಿಗೆ ಚೆನ್ನಾಗಿ ಗೊತ್ತು. ಹೆಂಡತಿಯಿಂದ ಎರಡು ವರ್ಷ ಅವನು ಅದನ್ನೇ ತಿಂದಿದ್ದ. ಅತಿಥಿಗಳು ಹೋದ ಮೇಲೆ ಅವನು ಉಳಿದ ಮಿರ್ಚಿಗಳನ್ನೆಲ್ಲ ಒಬ್ಬನೇ ತಿಂದು ಮುಗಿಸಿದ.

ಸೋಮವಾರ ಅವನ ತಾಯಿ ಗಿರಿಜವ್ವ ಕನ್ಹಾನ್‌ನಲ್ಲಿರುವ ಮಗಳ ಮನೆಯಿಂದ ಬಂದಳು. ಸೊಸೆಯ ಅಡುಗೆಮನೆಯಲ್ಲಿ ನಾಲ್ಕು ಹೊಸ ಯಂತ್ರಗಳನ್ನು ಕಂಡು ಒಂದೊಂದನ್ನೂ ತಿರುಗಿಸಿ ನೋಡಿದಳು. ಪಾತ್ರೆ ವ್ಯಾಪಾರಿಯ ಹೆಂಡತಿಯಾಗಿ, ಮತ್ತೊಬ್ಬ ಪಾತ್ರೆ ವ್ಯಾಪಾರಿಯ ತಾಯಿಯಾಗಿ ಅವಳದೊಂದು ಧರ್ಮವಿತ್ತು. ಮನೆಗೆ ಬಂದ ಸ್ಟೀಲಿನ ಮೇಲೆ ಮನೆಯವರ ಹೆಸರು ಕೊರೆದಿರಬೇಕು. ಹೆಸರಿಲ್ಲದ ಡಬ್ಬಿ ಬೀದಿಯ ನಾಯಿಮರಿಯ ಹಾಗೆ, ಎತ್ತಿಕೊಂಡವರದು ಎನ್ನುತ್ತಿದ್ದಳು. ಹೆಸರು ಕೊರೆಯುವ ಅಂಗಡಿಯ ಹಳೆಯ ಮಷೀನು ಅವಳ ಟ್ರಂಕಿನಲ್ಲೇ ಇರುತ್ತಿತ್ತು. ಎಪ್ಪತ್ತೆರಡರಲ್ಲೂ ಅವಳ ಅಕ್ಷರ ಮುತ್ತಿನಂತೆ.

ಬುಧವಾರ ಸಂಜೆ ಕಾಶೀನಾಥ ಅಂಗಡಿಯಿಂದ ಬಂದು, ಒಂದನ್ನು ಇಟ್ಟುಕೊಂಡು ನಾಳೆ ವಾಪಸು ಕಳಿಸಬೇಕಾದ ಉಳಿದ ಮೂರನ್ನು ಒರೆಸಿಡೋಣವೆಂದು ಹಿಟ್ಟು ನಾದುವ ಬೋಗುಣಿಯನ್ನು ಕೈಗೆತ್ತಿಕೊಂಡ. ಅದರ ಹೊಟ್ಟೆಯ ಮೇಲೆ ತನ್ನ ನಾಮಧೇಯ ಕಂಡ. ಮಿಕ್ಸರಿನ ಮೂರೂ ಜಾರುಗಳ ಮೇಲೆ ಕಂಡ. ಅನ್ನದ ಕುಕ್ಕರಿನ ಒಳಪಾತ್ರೆಯ ಮೇಲೆ ಕಂಡ. ಏರ್ ಫ್ರೈಯರಿನ ಬುಟ್ಟಿಗೆ ಹೆಸರಿನ ಸುತ್ತ ಬಳ್ಳಿಯೂ ಹಬ್ಬಿತ್ತು.

"ಯವ್ವಾ, ಏನ್ ಮಾಡಿಟ್ಟೀ ಇದು?"

"ನಾಕಕ್ಕೂ ಹಾಕೀನಿ," ಎಂದಳು ಗಿರಿಜವ್ವ ಸಮಾಧಾನದಿಂದ. "ಆ ಬುಟ್ಟಿದು ಭಾಳ ಗಟ್ಟಿ ಸ್ಟೀಲ್ ನೋಡಪಾ. ಕಣ್ಣಾಗ ನೀರು ಬಂದ್ವು."

ಕಾಶೀನಾಥನ ಕಣ್ಣಿಗೂ ಅದೇ ಬಂತು. ಹೆಂಡತಿಯ ಕಡೆ ತಿರುಗಿದ. "ನೀ ಏನ್ ಮಾಡಾಕತ್ತಿದ್ದಿ? ಜಾಂಗಡದ ಮಾಲು ಅಂತ ಹೇಳಾಕ ಆಗ್ಲಿಲ್ಲಾ?"

"ನಾ ನಾಗಪುರದಾಗ ಹುಟ್ಟಿ ಮರಾಠಿ ಸಾಳ್ಯಾಗ ಕಲತಾಕಿ. ನನಗೆಲ್ಲಿ ಕನ್ನಡ ಓದಾಕ ಬರತೈತ್ರಿ," ಎಂದಳು ಸಪ್ನಾ, ಹೊಸ ಮಿಕ್ಸರಿನ ಜಾರನ್ನು ಸೆರಗಿನಿಂದ ಒರೆಸುತ್ತ. "ಅತ್ತಿ ಹೂವಿನ ಡಿಸೈನ್ ತಗ್ಯಾಕತ್ತಾರ ಅಂದ್ಕೊಂಡೆ."

ನಾಲ್ಕು ಯಂತ್ರಗಳ ಮೇಲೂ ಒಂದೇ ನಮೂನೆಯ ಹೂವೇ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಮರುದಿನ ಚಂದನ್ ಶೇಠ್ ಬೋಗುಣಿಯನ್ನು ಬೆಳಕಿಗೆ ಹಿಡಿದು ನೋಡಿದ. ಕನ್ನಡ ಬಾರದಿದ್ದರೂ ಗೀರು ಓದಲು ಬರುತ್ತಿತ್ತು. "ಇದೇನು ಬರೆದಿದೆ?" ಎಂದು ಕೇಳಿದ. ಕಾಶೀನಾಥ ಹೇಳಿದ. "ಈ ಹೆಸರಿನ ಗಿರಾಕಿ ನನಗೆ ಇಡೀ ಪೇಟೆಯಲ್ಲಿ ಒಬ್ಬರೇ ಗೊತ್ತು," ಎಂದ ಶೇಠ್, ಬಿಲ್ ಪುಸ್ತಕ ತೆಗೆಯುತ್ತ. ಮೂವತ್ತೊಂದು ಸಾವಿರವಾಯಿತು. ಒಂದು ರೂಪಾಯಿ ಇಳಿಸಲಿಲ್ಲ. ಇಳಿಸು ಎಂದು ಕೇಳುವ ಬಾಯಿಯೂ ಉಳಿದಿರಲಿಲ್ಲ.

ಒಂಬತ್ತರ ಜಾಗದಲ್ಲಿ ಮೂವತ್ತೊಂದು ಎಣಿಸಿದವನಿಗೆ ಇಡೀ ನಾಗಪುರದಲ್ಲಿ ಚೌಕಾಸಿ ಮಾಡದ ಗಿರಾಕಿ ಯಾರು ಎಂದು ಯೋಚಿಸಲು ಬಹಳ ಹೊತ್ತು ಬೇಕಾಗಲಿಲ್ಲ. ಹಿಟ್ಟು ನಾದುವ ಯಂತ್ರವನ್ನು ಹನುಮಂತನ ತಲೆಗೆ ಕಟ್ಟಬೇಕು. ಪೂರಾ ಎಂಟು ಸಾವಿರಕ್ಕೆ. ಕೇಳಿದಷ್ಟು ಕೊಡುವ ಪುಣ್ಯಾತ್ಮ. ಮೊಟ್ಟಮೊದಲ ಬಾರಿಗೆ ಕಾಶೀನಾಥನಿಗೆ ಅವನ ಮೇಲೆ ಮಮತೆ ಉಕ್ಕಿತು.

ಮನೆಗೆ ಬಂದರೆ ಹನುಮಂತ ದಂಪತಿಗಳು ಆಗಲೇ ಬಂದು ಕುಳಿತಿದ್ದರು. ಒಂದು ಯಂತ್ರ ಮಾರುವುದಿದೆ ಎಂದು ಗಂಡ ಫೋನಿನಲ್ಲಿ ಹೇಳಿದ್ದೇ ತಡ, ಸಪ್ನಾ ಮೆಟ್ಟಿಲ ಮೇಲೆ ದೀಪಾಲಿಗೆ ಸುದ್ದಿ ಮುಟ್ಟಿಸಿದ್ದಳು.

"ನಮ್ಮ ಅವ್ವಗ ಮಷೀನಿನ ಹಿಟ್ಟು ಒಗ್ಗಂಗಿಲ್ರಿ," ಎಂದು ಕಾಶೀನಾಥ ಪೀಠಿಕೆ ಹಾಕಿದ. "ನೀವು ಬ್ಯಾರೆಯವರಲ್ಲ. ನೋಡಿ ಒಂದು ಬರೋಬರ್ ರೇಟ್..."

"ರೇಟ್ ಮಾತ ಬ್ಯಾಡ್ರಿ," ಎಂದ ಹನುಮಂತ. ಕಿಸೆಯಿಂದ ನೋಟುಗಳನ್ನು ತೆಗೆದು ಅವನ ಅಂಗೈಯಲ್ಲಿಟ್ಟು, ತನ್ನ ಎರಡೂ ಕೈಗಳಿಂದ ಅದನ್ನು ಮುಚ್ಚಿದ. "ನಾಕು ಸಾವಿರ ಅದಾವು. ಮ್ಯಾಲೆ ನಿಮ್ಮ ಆಟೋದ್ದು ನೂರು. ನಾ ಚೌಕಾಸಿ ಮಾಡಾಂವಲ್ಲ, ನಿಮಗ ಗೊತ್ತಲ್ಲ."

ಕಾಶೀನಾಥನ ನಾಲಿಗೆಯ ತುದಿಗೆ ಎಂಟು ಎಂಬ ಅಂಕಿ ಬಂದು ನಿಂತಿತು. ಆದರೆ ಅದನ್ನು ಹೊರಗೆ ಬಿಟ್ಟರೆ ರವಿವಾರದ ಸುಳ್ಳೂ ಅದರ ಬಾಲ ಹಿಡಿದು ಹೊರಗೆ ಬರುತ್ತದೆ, ಅದೂ ಹನುಮಂತನ ಎದುರಿಗೆ. ಒಂದು ಕಡೆ ನಾಲ್ಕು ಸಾವಿರದ ಲುಕ್ಸಾನು, ಇನ್ನೊಂದು ಕಡೆ ಮಾನ. ಸಪ್ನಾ ಬಾಗಿಲಿಗೆ ಒರಗಿ, ಯಾವುದನ್ನು ಆರಿಸುತ್ತಾನೋ ಎಂದು ಆಸಕ್ತಿಯಿಂದ ನೋಡುತ್ತಿದ್ದಳು.

"ನೂರು ಬ್ಯಾಡ್ ಬಿಡ್ರಿ," ಎಂದ ಕಾಶೀನಾಥ ಕ್ಷೀಣ ಸ್ವರದಲ್ಲಿ.

"ಅದರ ಮ್ಯಾಲೆ ನಿಮ್ಮ ಹೆಸರೊಂದ ಐತಿ," ಎಂದಳು ದೀಪಾಲಿ ಬೋಗುಣಿಯನ್ನು ತಿರುಗಿಸುತ್ತ. "ನೋಡಿದವರು ಕಡಾ ತಂದಾರ ಅಂತಾರ."

"ಅದಕ್ಯಾಕ ಚಿಂತಿ," ಎಂದು ಗಿರಿಜವ್ವ ಆಗಲೇ ಮಷೀನಿನ ವೈರನ್ನು ಗೋಡೆಗೆ ಚುಚ್ಚಿದ್ದಳು. "ಮುಂದ 'ಇವರಿಂದ ಪ್ರೀತಿಯ ಕಾಣಿಕೆ' ಅಂತ ಸೇರಿಸ್ತೀನಿ. ಕಾಶ್ಯಾ, ಬೋಗುಣಿ ಅಳ್ಳಾಡಲಾರದಂಗ ಹಿಡಿ."

ಕಾಶೀನಾಥ ಹಿಡಿದ. ಪ್ರೀತಿಯ ಕಾಣಿಕೆ ಕಿರ್ರೆಂದು ಅವನ ಬೆರಳುಗಳ ಮೂಲಕ ಮೊಣಕೈವರೆಗೂ ಹಾಯತೊಡಗಿತು.

"ಕಾಶೀನಾಥರ, ನಿಮ್ಮ ಕೀರ್ತಿ ನಮ್ಮ ಆಫೀಸಿನಾಗೂ ಹೇಳೀನ್ರಿ," ಎಂದ ಹನುಮಂತ. ಅವನ ಮುಖದಲ್ಲಿ ಅದೇ ಶುದ್ಧ ಸಂತೋಷ. ಅಂಗಿಯ ಕಿಸೆಯಿಂದ ಮಡಚಿದ ಹಾಳೆಯೊಂದನ್ನು ತೆಗೆದು ಬಿಡಿಸಿದ. "ಎಂಟು ಸಾವಿರದ್ದು ನಾಕಕ್ಕ ತರೋ ಮನಶಾ ನಮ್ಮ ಕೆಳಗಿನ ಮನ್ಯಾಗ ಅದಾನ ಅಂದೆ. ಹನ್ನೊಂದು ಮಂದಿ ಹೆಸರು ಬರಿಸ್ಯಾರ. ಸಾಹೇಬರದೂ ಐತಿ. ಅದ ರೇಟಿಗೆ ಕೊಡಸ್ರಿ, ಅವರ್ಯಾರೂ ಚೌಕಾಸಿ ಮಾಡಂಗಿಲ್ಲ."

ಕೊರೆಯುವ ಸದ್ದು ಒಂದು ಗಳಿಗೆ ನಿಂತಿತು. ಗಿರಿಜವ್ವ ಕನ್ನಡಕ ಮೇಲೇರಿಸಿ ಮಗನನ್ನು ಕೇಳಿದಳು:

"ಹನ್ನೊಂದಕ್ಕೂ ಪ್ರೀತಿಯ ಕಾಣಿಕೆ ಅಂತನ ಹಾಕಬೇಕೇನಪಾ?"