ಫೆರ್ನಾಂನ ಗಂಟಲು

ಅಡುಗೆಯವಳಾದ ಓದಿಲ್ ಬೆಳ್ಳುಳ್ಳಿ ಸೂಪಿಗೆ ಮೊಟ್ಟೆಯ ಹಳದಿ ಬೆರೆಸುತ್ತಿದ್ದಾಗ ಗಂಡ ಫೆರ್ನಾಂ ಕೋಟೆಯ ಅಡುಗೆಮನೆಗೆ ಬಂದು ಬಾಯಿ ತೆರೆದ. ಒಡೆದ ಪೀಪಿಯಂತೆ ಬರೀ ಗಾಳಿ ಬಂತು.

"ರಗ್ಬಿ ನೋಡ್ತಾ ಹಾಗೆ ಕಿರುಚಬೇಡ ಅಂದೆ ತಾನೇ? ಅದೂ ಇವತ್ತೇ!"

ಇವತ್ತು ಅವರ ಮದುವೆಯ ವಾರ್ಷಿಕೋತ್ಸವ. ಬೆಳಗಿನ ಪ್ರವಾಸಿಗರಿಗೆ ಫೆರ್ನಾಂ ಕೋಟೆ ತೋರಿಸಿ ಮುಗಿಸಿದರೆ ಇಬ್ಬರೂ ದೋರ್ದೋನ್ ನದಿಯಾಚೆಯ ಕೋಟೆಗೆ ಊಟಕ್ಕೆ ಹೋಗುವುದಿತ್ತು. ಅಲ್ಲಿ ಬಾತುಕೋಳಿ ಬೇಯಿಸುವವರು ಬೇರೆ, ತಟ್ಟೆ ತೊಳೆಯುವವರು ಬೇರೆ. ಅದರ ಗೋಪುರವನ್ನು ಕಿಟಕಿಯಿಂದ ನೋಡುತ್ತಲೇ ಓದಿಲ್ ಇಷ್ಟು ವರ್ಷ ಈರುಳ್ಳಿ ಹೆಚ್ಚಿದ್ದಳು.

ಬ್ರೆಡ್ ತಂದ ಪಕ್ಕದ ಮನೆಯ ಝಿನೆತ್ ಬಿಸಿ ವೈನಿಗೆ ಜೇನು ಹಾಕಿ ಕುಡಿಸಿದಳು. ಮೂರು ಬಟ್ಟಲು ಇಳಿದವು. ಫೆರ್ನಾಂನ ಮುಖ ಬೀಟ್‌ರೂಟಿನಂತಾಯಿತು, ದನಿ ಬರಲಿಲ್ಲ.

"ಮೊನ್ನೆ ನನ್ನನ್ನ ನಮ್ಮಮ್ಮನ ಹೆಸರಲ್ಲಿ ಕರೆದ, ಇವತ್ತು ಗಂಟಲೇ ಹೋಯ್ತು!" ಎಂದು ಝಿನೆತ್ ನಕ್ಕಳು. "ಜನ ಬಾಗಿಲಲ್ಲಿದಾರೆ ಕಣೇ. ನೀನೇ ಹೋಗು."

"ನಂಗೇನು ಗೊತ್ತು? ನಾನು ಸೂಪು ಮಾಡೋಳು!"

"ಕೋಟೇಲಿದ್ದೋರೂ ಸೂಪು ಕುಡ್ಕೊಂಡೇ ಬದುಕಿದ್ದು ತಾನೇ?"

ಏಪ್ರನ್ ಬಿಚ್ಚುವುದನ್ನೂ ಮರೆತು ಓದಿಲ್ ಹೊರಟಳು. ಊಟದ ಹಜಾರದ ಗೋಡೆಯ ಮೇಲೆ ಕೋಟೆಯನ್ನಾಳಿದ ಏಳು ಕೌಂಟ್‌ಗಳ ಚಿತ್ರ. ಫೆರ್ನಾಂ ಏಳೂ ಹೆಸರನ್ನು ಒಂದೇ ಉಸಿರಿಗೆ ಹೇಳುತ್ತಿದ್ದ.

"ಇವ್ರು... ಒಬ್ಬ ಕೌಂಟ್. ಇವ್ರೂ... ಕೌಂಟೇ."

ಯಾರೋ ಕಿಸಕ್ಕೆಂದರು. ಗಾಬರಿಯಲ್ಲಿ ಅವಳ ಬೆರಳು ಕೌಂಟನ ಹೆಂಡತಿಯ ಚಿತ್ರದತ್ತ ಹೋಯಿತು. "ಪಾಪ, ಈಯಮ್ಮ ಒಂದಿನಾನೂ ಬಿಸಿ ಸೂಪು ಕುಡಿದಿಲ್ಲ. ಅಡುಗೆಮನೆ ಎಲ್ಲಿ, ಈ ಮೇಜೆಲ್ಲಿ! ಬನ್ನಿ, ತೋರಿಸ್ತೀನಿ."

ಎಲ್ಲರೂ ನಗುತ್ತ ಹಿಂದೆ ಬಂದರು. ಸೂಪು ಕುಡಿದ ಮೇಲೆ ಬಟ್ಟಲಲ್ಲಿ ಉಳಿದ ತಳಕ್ಕೆ ಅವಳು ಕೆಂಪು ವೈನ್ ಸುರಿದಳು. "ಇದು ನಮ್ಮ ಶಾಬ್ರೋ. ಚಮಚ ಬೇಡ ಮದಾಂ, ಬಟ್ಟಲೆತ್ತಿ ಬಾಯಿಗಿಡಿ!" ಮುತ್ತಿನ ಸರದ ಹೆಂಗಸಿಗೆ ಕೆಂಪು ಮೀಸೆ ಬಂತು.

ನಗು ಕೇಳಿ ಕೋಟೆಯ ಒಡತಿ ಇಳಿದು ಬಂದರು. "ಓದಿಲ್, ಅದ್ಭುತ! ಮಧ್ಯಾಹ್ನದ ಗುಂಪಿಗೂ ನೀವೇ ಇರಿ."

ನದಿಯಾಚೆಯ ಗೋಪುರ ಕಿಟಕಿಯಲ್ಲೇ ಉಳಿಯಿತು.

ಗಂಡನಿಗೆ ಬೈಯುತ್ತಲೇ ಓದಿಲ್ ಇನ್ನಷ್ಟು ವೈನ್ ತರಲು ನೆಲಮಾಳಿಗೆಗೆ ಇಳಿದಳು. ಒಳಗಿಂದ ದನಿಯೊಂದು ಕೇಳಿತು, ಇಗರ್ಜಿಯ ಗಂಟೆಯಷ್ಟು ಸ್ಪಷ್ಟವಾಗಿ. ಫೆರ್ನಾಂನದೇ!

ಕೈಯಲ್ಲಿದ್ದ ಹೂಜಿಯನ್ನು ಅವನ ತಲೆಗೆ ಎಸೆಯಬೇಕೆನಿಸಿತು.

"ಮೊದಲನೆಯವನು ರೇಮೋಂ. ಎರಡನೆಯವನು... ಎರಡನೆಯವನು..." ಮತ್ತೆ ಮೊದಲಿಂದ, "ರೇಮೋಂ. ಆಮೇಲೆ..." ಅವನು ಪೀಪಾಯಿಯನ್ನು ಮೆಲ್ಲಗೆ ತಟ್ಟಿದ. "ನೀನಾದ್ರೂ ಹೇಳೋ."

ಅವನು ಝಿನೆತ್‌ಳನ್ನು ಅವಳಮ್ಮನ ಹೆಸರಲ್ಲಿ ಕರೆದದ್ದು ನೆನಪಾಗಿ ಓದಿಲ್ ಸದ್ದಿಲ್ಲದೆ ಕೆಲವು ಮೆಟ್ಟಿಲು ಹಿಂದಕ್ಕೆ ಹತ್ತಿದಳು. ಆಮೇಲೆ ಬೂಟು ಬಡಿಯುತ್ತ, ಕೆಮ್ಮುತ್ತ ಇಳಿದಳು. ಫೆರ್ನಾಂ ತಿರುಗಿ ಒಡೆದ ಪೀಪಿಯ ದನಿ ತೆಗೆದ.

"ಮಾತಾಡ್ಬೇಡ, ಸುಮ್ನಿರು," ಎಂದು ಅವನ ಕೊರಳಿನ ಮಫ್ಲರನ್ನು ಬಿಗಿಯಾಗಿ ಸುತ್ತಿದಳು.

ಹೂಜಿ ತುಂಬುವಷ್ಟರಲ್ಲಿ ಅವಳು ನಿಶ್ಚಯಿಸಿಬಿಟ್ಟಿದ್ದಳು: ಈ ಗಂಟಲು ನಾಳೆಯೂ ಸರಿಹೋಗುವುದಿಲ್ಲ.