ಕಂಡಕ್ಟರು ಸೆಗ್‌ವೇ ಹತ್ತಿದರು

"ನಿಂತ್ಕೊಳ್ಳೋದನ್ನ ನನಗೆ ಹೇಳಿಕೊಡ್ತೀಯೇನಮ್ಮಾ? ಜೀವನಪೂರ್ತಿ ನಿಂತೇ ಸಂಬಳ ತಗೊಂಡೋನು ನಾನು!"

ಹೀಗೆಂದು ಗುಡುಗಿ ನಮ್ಮ ಕಂಡಕ್ಟರು ಹೆಲ್ಮೆಟ್ಟಿನ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿದುಕೊಂಡರು. ಪಾಪ, ಗೈಡ್ ಹುಡುಗಿ ಕೇಳಿದ್ದು ಇಷ್ಟೇ: "ಅಂಕಲ್, ಮೊದಲು ಸ್ವಲ್ಪ ಹೊತ್ತು ಸೆಗ್‌ವೇ ಮೇಲೆ ಸುಮ್ಮನೆ ನಿಂತು ಪ್ರ್ಯಾಕ್ಟೀಸ್ ಮಾಡ್ತೀರಾ?" ಕೇಳಬಾರದವರನ್ನು ಕೇಳಬಾರದ್ದನ್ನೇ ಕೇಳಿಬಿಟ್ಟಿದ್ದಳು. ಇದೇ ಊರಿನ ಕಡಲ ರಸ್ತೆಯ ಬಸ್ಸಿನಲ್ಲಿ, ಎರಡು ಕೈಗೂ ಕೆಲಸವಿಟ್ಟುಕೊಂಡು, ಒಂದು ಕಂಬಿಯನ್ನೂ ಮುಟ್ಟದೆ, ತಿರುವಿನಲ್ಲಿ ಜನ ಒಬ್ಬರ ಮೇಲೊಬ್ಬರು ಬೀಳುವಾಗಲೂ ನೆಟ್ಟಗೆ ನಿಂತು ಟಿಕೆಟ್ ಹರಿದ ಮಹಾನುಭಾವರು ಅವರು. ಈಗ ರಿಟೈರಾಗಿದ್ದಾರೆ, ಅಷ್ಟೇ. ಜಂಬಕ್ಕೆ ಎಲ್ಲಿಯ ರಿಟೈರ್‌ಮೆಂಟು!

"ರೀ, ಆ ಹುಡುಗಿ ಏನೋ ಹೇಳ್ತಿದಾಳೆ, ಕೇಳಿಸ್ಕೊಳ್ಳಿ" ಎಂದರು ಹೆಂಡತಿ.

"ನೀನು ಕೇಳಿಸ್ಕೋ. ಅನುಮಾನ ಬಂದ್ರೆ ನಿನ್ನನ್ನ ಕೇಳ್ತೀನಿ."

"ಮದುವೆಯಾದಾಗಿನಿಂದ ಒಂದ್ಸಲನಾದ್ರೂ ಕೇಳಿದೀರಾ?"

ಕಂಡಕ್ಟರಿಗೆ ಈ ಪ್ರಶ್ನೆ ಕೇಳಿಸಲಿಲ್ಲ. ಹೆಲ್ಮೆಟ್ಟಿನಿಂದ ಆದ ಮೊದಲ ಉಪಕಾರ ಅದು.

ಸೆಗ್‌ವೇ ಎಂದರೆ ಏನೆಂದು ನೋಡದವರಿಗೆ ಹೇಳಿಬಿಡುತ್ತೇನೆ. ಅಕ್ಕಪಕ್ಕ ಎರಡು ಗಾಲಿ, ನಡುವೆ ಮಣೆಯಷ್ಟು ಜಾಗ, ಎದುರಿಗೆ ಸೊಂಟಕ್ಕಿಂತ ಮೇಲಕ್ಕೆ ಬರುವ ಒಂದು ಕೋಲು, ಕೋಲಿಗೆ ಹಿಡಿಕೆ. ಸೀಟಿಲ್ಲ, ಬ್ರೇಕಿಲ್ಲ. ನೀವು ಮುಂದಕ್ಕೆ ವಾಲಿದರೆ ಅದು ಮುಂದಕ್ಕೆ ಹೋಗುತ್ತದೆ. ಇನ್ನೂ ವಾಲಿದರೆ ಇನ್ನೂ ಜೋರಾಗಿ ಹೋಗುತ್ತದೆ. ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ಇಷ್ಟೇ ಅದರ ಶಾಸ್ತ್ರ. ಗೈಡ್ ಹುಡುಗಿ ಇದನ್ನೆಲ್ಲ ಹೇಳುವಾಗ ಹೆಂಡತಿ ಗಮನವಿಟ್ಟು ಕೇಳಿಸಿಕೊಂಡರು. ಕಂಡಕ್ಟರು ಆ ಹೊತ್ತಿನಲ್ಲಿ ರಸ್ತೆಯ ಆಚೆಬದಿಯ ಜನರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು.

ಅದಕ್ಕೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಗಂಡಹೆಂಡತಿ ಈ ಊರಿನಲ್ಲೇ ಸಂಸಾರ ಹೂಡಿದ್ದರು. ಆಮೇಲೆ ವರ್ಗವಾಗಿ ಹೋದವರು ಮತ್ತೆ ಈ ಕಡೆ ತಲೆ ಹಾಕಿ ಮಲಗಿರಲಿಲ್ಲ. ಆದರೆ ಹೋದ ಊರಿನಲ್ಲೆಲ್ಲ ಕಂಡಕ್ಟರದು ಒಂದೇ ಪುರಾಣ: "ಆ ಊರಿಗೆ ಬಂದು ನೋಡಿ! ನನ್ನನ್ನ ಕಂಡ್ರೆ ಅಲ್ಲಿಯ ಕಲ್ಲೂ ಮಾತಾಡಿಸುತ್ತೆ!" ಈ ಮಾತನ್ನು ಮಗಳು ಕೇಳಿ ಬೆಳೆದಳು, ನೆರೆಮನೆಯವರು ಕೇಳಿ ಮನೆ ಬದಲಾಯಿಸಿದರು, ಹೆಂಡತಿ ಕೇಳುತ್ತಲೇ ಇದ್ದರು. ಕೊನೆಗೆ ಮಗಳೇ ಇಬ್ಬರಿಗೂ ರೈಲಿನ ಟಿಕೆಟ್ಟು, ಹೋಟೆಲಿನ ರೂಮು, ಈ ಸೆಗ್‌ವೇ ಟೂರು ಎಲ್ಲ ಬುಕ್ ಮಾಡಿ ಕಳಿಸಿದ್ದಳು.

ಬಂದು ಒಂದು ದಿನವಾಯಿತು. ಒಂದು ಕಲ್ಲೂ ಮಾತಾಡಿಸಿರಲಿಲ್ಲ! ಹಳೆಯ ಬಸ್ ಡಿಪೋ ಇದ್ದ ಜಾಗದಲ್ಲಿ ಗಾಜಿನ ಅಂಗಡಿಗಳ ಕಟ್ಟಡ ಎದ್ದಿತ್ತು. ಅದರ ಬಾಗಿಲಲ್ಲಿ ವಾಚ್‌ಮನ್ ಇವರ ಚೀಲ ತೆಗೆಸಿ ಒಳಗೆ ಟಾರ್ಚು ಬಿಟ್ಟು ನೋಡಿದ. ಕಂಡಕ್ಟರು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಹೆಂಡತಿ ಒಂದು ಚುಚ್ಚುಮಾತೂ ಆಡಲಿಲ್ಲ, ಕಂಡಕ್ಟರಿಗೆ ಅದೇ ಹೆಚ್ಚು ಭಯ ಹುಟ್ಟಿಸಿತು. ಬೆಳಗಾಗುವಷ್ಟರಲ್ಲಿ ಒಂದು ನಿರ್ಧಾರಕ್ಕೆ ಬಂದಿದ್ದರು. ಸೆಗ್‌ವೇ ಮೇಲೆ ನಿಂತವನು ಊರಿಗಿಂತ ಒಂದು ಗೇಣು ಎತ್ತರ ಕಾಣುತ್ತಾನೆ. ಇವತ್ತು ಯಾರಾದರೂ ಒಬ್ಬರು, ಒಬ್ಬರೇ ಒಬ್ಬರು, ಹೆಂಡತಿಯ ಎದುರಿಗೆ "ಓಹೋ, ಕಂಡಕ್ಟರೇ!" ಅನ್ನಲೇಬೇಕು.

ಮೆರವಣಿಗೆ ಹೊರಟಿತು. ಮುಂದೆ ಗೈಡ್ ಹುಡುಗಿ, ಅವಳ ಹಿಂದೆ ಕಂಡಕ್ಟರು, ಅವರ ಹಿಂದೆ ಹೊಸದಾಗಿ ಮದುವೆಯಾದ ಒಂದು ಜೋಡಿ, ಕೊನೆಯಲ್ಲಿ ಹೆಗಲಿಗೆ ಕೈಚೀಲ ಹಾಕಿಕೊಂಡ ಹೆಂಡತಿ. ಎಡಕ್ಕೆ ಕಡಲು. ಅದೇ ಉಪ್ಪುಗಾಳಿ. ಒಂದು ಕಾಲದಲ್ಲಿ ಇದೇ ಗಾಳಿ ಕಿಟಕಿಯಿಂದ ನುಗ್ಗಿ ಟಿಕೆಟ್ಟುಗಳನ್ನು ಹಾರಿಸಿಕೊಂಡು ಹೋಗುತ್ತಿತ್ತು, ಇಡೀ ಬಸ್ಸು ಹೋ ಎಂದು ನಗುತ್ತಿತ್ತು. ಬೆಳಗಿನ ಟ್ರಿಪ್ಪಿನಲ್ಲಿ ಮೀನಿನ ಬುಟ್ಟಿಯವಳು ಹತ್ತಿದರೆ ತುಂಬಿದ ಬಸ್ಸಿನಲ್ಲೂ ಅವಳ ಸುತ್ತ ನಾಲ್ಕು ಸೀಟು ಖಾಲಿಯಾಗುತ್ತಿದ್ದವು. ಸಂಜೆ ಟ್ರಿಪ್ಪಿನಲ್ಲಿ ಕಚೇರಿಯ ಮುದಿ ಗುಮಾಸ್ತರು ಬಾಯಿ ತೆರೆದು ನಿದ್ದೆ ಹೋಗುತ್ತಿದ್ದರು. ಅವರ ಸ್ಟಾಪು ಬಂದಾಗ ಭುಜ ಮುಟ್ಟಿ, "ಸಾರ್, ಮನೆ ಬಂತು" ಎನ್ನುವುದು ಕಂಡಕ್ಟರ ಕೆಲಸ. ಅದೆಲ್ಲ ನೆನಪಾಗಿ ಅವರು ರಸ್ತೆಬದಿಯ ಮುಖಗಳನ್ನು ಇನ್ನಷ್ಟು ಆಸೆಯಿಂದ ಹುಡುಕತೊಡಗಿದರು.

ಗಡಿಯಾರದ ಗೋಪುರದ ಮುಂದೆ ಗೈಡ್ ಹುಡುಗಿ ನಿಲ್ಲಿಸಿ, "ಈ ಗಡಿಯಾರ ಕಟ್ಟಿದಾಗಿನಿಂದ ಒಂದು ದಿನವೂ ನಿಂತಿಲ್ಲ!" ಎಂದಳು.

"ನಾನಿದ್ದಾಗ ಅದು ಒಂದು ದಿನವೂ ನಡೀಲಿಲ್ಲ!" ಎಂದರು ಕಂಡಕ್ಟರು. "ನನ್ನ ಬಸ್ಸು ನೋಡ್ಕೊಂಡು ಜನ ಟೈಮ್ ಹೇಳೋರು."

"ನಿಮ್ಮ ಬಸ್ಸೂ ಲೇಟೇ ಅಲ್ವಾ?" ಎಂದು ಹಿಂದಿನಿಂದ ಹೆಂಡತಿಯ ಧ್ವನಿ ಬಂತು.

ಐಸ್‌ಕ್ರೀಮ್ ಗಾಡಿಯ ಮುದುಕ ಇವರನ್ನೇ ದಿಟ್ಟಿಸಿ ನೋಡಿದ. ಕಂಡಕ್ಟರು ಮುಖ ಚೆನ್ನಾಗಿ ಕಾಣುವಂತೆ ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸಿಕೊಂಡರು. "ಏನಪ್ಪಾ, ಗುರುತು ಸಿಕ್ತಾ?"

"ಸಿಗದೆ ಏನು ಸಾರ್! ನಿನ್ನೆ ಸಂಜೆ ತಗೊಂಡ್ರಲ್ಲ, ಐಸ್‌ಕ್ರೀಮ್ ಚೆನ್ನಾಗಿಲ್ಲ ಅಂತ ಜಗಳ ಆಡಿದ್ರಲ್ಲ!"

ಮುಂದೆ ಕಲ್ಲುಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ದೂರದಿಂದಲೇ ಕೈ ಬೀಸಿದರು. ಕಂಡಕ್ಟರು ಹಲ್ಲೆಲ್ಲ ತೋರಿಸಿ, ಎರಡು ಸಲ ಕೈ ಬೀಸಿ, ಅವರ ಎದುರಿಗೇ ಹೋಗಿ ನಿಂತರು. ಹಿರಿಯರು ಮತ್ತೆ ಕೈ ಬೀಸಿದರು. ಈ ಸಲ ಬಾಯಿಯನ್ನೂ ತೆರೆದರು: "ಅಡ್ಡ ನಿಲ್ಲಬೇಡ್ರೀ, ಕಡಲು ಕಾಣ್ತಿಲ್ಲ!"

ಹೊಸ ಜೋಡಿ ಕಿಸಕ್ಕನೆ ನಕ್ಕಿತು. ಹೆಂಡತಿ ನಗಲಿಲ್ಲ. ಕಡಲಿನ ಕಡೆ ಮುಖ ತಿರುಗಿಸಿದರು. ಆ ಭುಜ ಅಲುಗಾಡುತ್ತಿದ್ದುದು ಗಾಳಿಗೋ ಬೇರೆ ಯಾತಕ್ಕೋ, ಕಂಡಕ್ಟರು ವಿಚಾರಿಸಲು ಹೋಗಲಿಲ್ಲ.

ಅಷ್ಟರಲ್ಲಿ ಬಲಗಡೆ ಆ ರಸ್ತೆ ಕಾಣಿಸಿತು. ಕಡಲ ರಸ್ತೆಯಿಂದ ಕವಲೊಡೆದು ಪೇಟೆಯ ಒಳಕ್ಕೆ ಇಳಿಯುವ ಇಳಿಜಾರು. ಅದರ ಕೆಳತುದಿಯ ಮೂಲೆಯ ಕಟ್ಟಡದ ಮಹಡಿಯಲ್ಲೇ ಅವರು ಸಂಸಾರ ಹೂಡಿದ ಒಂಟಿ ಕೋಣೆ. ಅವರ ಬಸ್ಸು ದಿನವೂ ಆ ಕೋಣೆಯ ಕಿಟಕಿಯ ಕೆಳಗೆ ಹಾದುಹೋಗುತ್ತಿತ್ತು. ಅಲ್ಲಿ ಗುರುತು ಸಿಗದಿದ್ದರೆ ಭೂಲೋಕದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ!

"ಈ ಕಡೆ ಹೋಗೋಣಮ್ಮ" ಎಂದರು ಕಂಡಕ್ಟರು.

"ಅದು ನಮ್ಮ ರೂಟ್‌ನಲ್ಲಿಲ್ಲ ಅಂಕಲ್."

"ರೂಟ್‌ನಲ್ಲಿಲ್ವಾ? ಆ ರೂಟಿನಲ್ಲೇ ನನ್ನ ಯೌವನ ಕಳೆದದ್ದು ಕಣಮ್ಮ!"

ಎಂದವರೇ ಕೋಲನ್ನು ಬಲಕ್ಕೆ ಬಾಗಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಹಳೆಯ ಅಭ್ಯಾಸ ಎಲ್ಲಿ ಬಿಡುತ್ತದೆ! ಹಿಂದಕ್ಕೆ ತಿರುಗಿ, ಕೈ ಆಡಿಸಿ, "ಬನ್ನಿ ಬನ್ನಿ, ಬೇಗ ಬನ್ನಿ, ಜಾಗ ಇದೆ, ಮುಂದಕ್ಕೆ ಬನ್ನಿ!" ಎಂದು ಕೂಗಿದರು. ಆ ಕಂಠಕ್ಕೆ ಒಂದು ಕಾಲದಲ್ಲಿ ಊರೇ ತಲೆಬಾಗಿ ಮುಂದಕ್ಕೆ ಸರಿಯುತ್ತಿತ್ತು. ಹೊಸ ಜೋಡಿಯೂ ಹಿಂದುಮುಂದು ನೋಡದೆ ಇವರ ಹಿಂದೆಯೇ ತಿರುಗಿತು. ಗೈಡ್ ಹುಡುಗಿ "ಅಯ್ಯೋ!" ಎಂದು ಹಿಂದಿನಿಂದ ಬಂದಳು.

ಇಳಿಜಾರಿನಲ್ಲಿ ಯಂತ್ರ ಸ್ವಲ್ಪ ಜೋರಾಯಿತು. ಇಲ್ಲಿ ಕಂಡಕ್ಟರ ಮೈಯೊಳಗಿನ ವಿದ್ಯೆ ಎಚ್ಚರಗೊಂಡಿತು. ಬಸ್ಸು ಧಡಕ್ಕನೆ ಜೋರಾದರೆ ನಿಂತವರು ಹಿಂದಕ್ಕೆ ಬೀಳುತ್ತಾರೆ, ಆದ್ದರಿಂದ ಮುಂದಕ್ಕೆ ವಾಲಬೇಕು. ಇದು ಕಂಡಕ್ಟರ ಪಾಠ. ಅವರು ವಾಲಿದರು. ಸವಾರ ಮುಂದಕ್ಕೆ ವಾಲಿದರೆ ಜೋರಾಗಿ ಓಡಬೇಕು. ಇದು ಸೆಗ್‌ವೇಗೆ ಕಲಿಸಿದ ಪಾಠ. ಅದು ಓಡಿತು. ಓಡಿತೆಂದು ಇವರು ಇನ್ನಷ್ಟು ವಾಲಿದರು. ವಾಲಿದರೆಂದು ಅದು ಇನ್ನಷ್ಟು ಓಡಿತು. ಇಬ್ಬರೂ ಶಿಷ್ಯೋತ್ತಮರೇ, ಒಬ್ಬರಿಗೊಬ್ಬರು ಸೋಲುವವರಲ್ಲ! ಚಪ್ಪಲಿ ಅಂಗಡಿ ಹೋಯಿತು, ಪಾತ್ರೆ ಅಂಗಡಿ ಹೋಯಿತು, ರಸ್ತೆಯಲ್ಲಿ ಮಲಗಿದ್ದ ನಾಯಿ ಎದ್ದು ಗೋಡೆಗೆ ಆನಿಕೊಂಡು ನಿಂತಿತು.

"ರೀ! ಹಿಂದಕ್ಕೆ ವಾಲ್ರೀ! ಹಿಂ-ದ-ಕ್ಕೇ!"

ಹೆಂಡತಿಯ ಆ ಕೂಗು ಇಳಿಜಾರನ್ನು ಮೇಲಿನಿಂದ ಕೆಳಗಿನವರೆಗೂ ತುಂಬಿತು. ಆದರೆ ಅಷ್ಟು ಹೊತ್ತಿಗೆ ತಡವಾಗಿತ್ತು. ಮೂಲೆಯ ಕಟ್ಟಡದ ಪಕ್ಕದಲ್ಲಿ ಹಾಸಿಗೆ ಅಂಗಡಿಯವನು ಹೊಸ ಹಾಸಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದ. ಯಂತ್ರ ಅದಕ್ಕೆ ಗುದ್ದಿ ನಿಂತಿತು. ಕಂಡಕ್ಟರು ನಿಲ್ಲಲಿಲ್ಲ. ಕೋಲಿನ ಮೇಲಿಂದ ಹಾರಿ, ಸಾಕ್ಷಾತ್ ಹಂಸತೂಲಿಕಾತಲ್ಪದ ಮೇಲೆ ಅಂಗಾತ ಪವಡಿಸಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮಣ್ಣಾಗಲು ಮೀಸೆಯೂ ಈಗ ಇರಲಿಲ್ಲ, ಆ ಮಾತು ಬೇರೆ.

ಹಾಸಿಗೆ ಅಂಗಡಿಯವನು ಬಗ್ಗಿ ನೋಡಿ, ವ್ಯಾಪಾರದ ಧ್ವನಿಯಲ್ಲಿ, "ಮೆತ್ತಗಿದೆಯಾ ಸಾರ್?" ಎಂದ.

ಕಂಡಕ್ಟರು ಉತ್ತರ ಕೊಡುವ ಮೊದಲೇ ಎದುರಿನ ಕ್ಷೌರದ ಅಂಗಡಿಯಿಂದ ಒಬ್ಬ ಮುದುಕ ಓಡಿಬಂದ. ಕೈಯಲ್ಲಿ ಕತ್ತರಿ, ಒಳಗೆ ಕುರ್ಚಿಯಲ್ಲಿ ಅರ್ಧ ತಲೆಯ ಗಿರಾಕಿ. ಕಂಡಕ್ಟರ ಜೀವ ಹಿಗ್ಗಿತು. ಹೌದು, ಅವನೇ! ತಿಂಗಳು ತಿಂಗಳೂ ತಮ್ಮ ಕೂದಲು ಕತ್ತರಿಸುತ್ತಿದ್ದ ಕ್ಷೌರಿಕನೇ! ಮಲಗಿದಲ್ಲಿಂದಲೇ ಕೈ ಚಾಚಿದರು. ಮುದುಕ ಆ ಕೈಯನ್ನು ದಾಟಿ, ಆಗಷ್ಟೇ ಇಳಿಜಾರು ಇಳಿದು ಬಂದ ಹೆಂಡತಿಯ ಮುಂದೆ ನೆಟ್ಟಗೆ ಹೋಗಿ ನಿಂತ.

"ಮೇಲ್ಮನೆ ಅಕ್ಕ ಅಲ್ವಾ? ಧ್ವನಿ ಕೇಳಿದ ತಕ್ಷಣ ಗೊತ್ತಾಯ್ತು! ಕೈಲಿದ್ದ ಕತ್ತರಿ ನಿಂತೇಹೋಯ್ತು ಅಕ್ಕ!"

ಈ ಊರಿನ ಪುರಾಣ ಹೇಳುವಾಗ ಕಂಡಕ್ಟರು ಯಾವಾಗಲೂ ಒಂದು ಅಧ್ಯಾಯ ಬಿಟ್ಟು ಹೇಳುತ್ತಿದ್ದರು. ಅದನ್ನು ಈಗ ಕ್ಷೌರಿಕ ಬೀದಿಗೆಲ್ಲ ಕೇಳುವಂತೆ ಓದಿಹೇಳಿದ.

"ಬೆಳಿಗ್ಗೆ ಬಸ್ಸು ಈ ಮೂಲೆಗೆ ಬಂತೂ ಅಂದ್ರೆ ಆ ಕಿಟಕಿಯಿಂದ ಅಕ್ಕನ ಕೂಗು! 'ರೀ, ಕೊಡೆ ಮರೆತ್ರಿ! ರೀ, ಬರ್ತಾ ಈರುಳ್ಳಿ ತನ್ನಿ! ರೀ, ನಿನ್ನೆ ತಂದ ಬದನೆಕಾಯೆಲ್ಲ ಹುಳ!' ಡ್ರೈವರು ಪಾಪ, ಅಕ್ಕ ಮಾತು ಮುಗಿಸೋವರೆಗೂ ಬಸ್ಸು ನಿಲ್ಲಿಸೋನು. ಹೆಂಗಿದ್ರೂ ನಿಲ್ಲುತ್ತಲ್ಲ ಅಂತ ಜನ ಇಲ್ಲೇ ಹತ್ತೋಕೆ ಶುರುಮಾಡಿದ್ರು. ಈಗ್ಲೂ ಬಸ್ಸು ಇಲ್ಲೇ ನಿಲ್ಲೋದು ಅಕ್ಕ! ಬೋರ್ಡಿಲ್ಲ, ಏನಿಲ್ಲ. ಎಲ್ಲರೂ 'ಅಕ್ಕನ ಸ್ಟಾಪು' ಅಂತಾರೆ. ಯಾವ ಅಕ್ಕ ಅಂತ ಈಗಿನ ಹುಡುಗರಿಗೆ ಗೊತ್ತಿಲ್ಲ."

ಹೆಂಡತಿ ತಲೆಯೆತ್ತಿ ನೋಡಿದರು. ಕಿಟಕಿ ಅಲ್ಲೇ ಇತ್ತು. ಯಾರದೋ ಮಗುವಿನ ಅಂಗಿ ಒಣಗುತ್ತಿತ್ತು. ಆ ಕಂಬಿಗೆ ಕೆನ್ನೆಯಿಟ್ಟು ಸಂಜೆಯ ಬಸ್ಸಿಗಾಗಿ ಕಾದ ದಿನಗಳೆಲ್ಲ ಒಟ್ಟಿಗೇ ಬಂದವೋ ಏನೋ, ಆಕೆಯ ಕಣ್ಣು ತುಂಬಿಕೊಂಡವು. ಈರುಳ್ಳಿ ಬರಿಯ ನೆಪವಾಗಿತ್ತು ಎಂಬುದು ಇಬ್ಬರಿಗೇ ಗೊತ್ತಿದ್ದ ಮಾತು. ಹಾಸಿಗೆಯ ಮೇಲಿದ್ದ ಕಂಡಕ್ಟರೂ ಕಣ್ಣೊರೆಸಿಕೊಂಡರು.

"ಮತ್ತೆ ನಮ್ಮ ಕಂಡಕ್ಟರು ಹೇಗಿದಾರೆ ಅಕ್ಕ?" ಎಂದ ಕ್ಷೌರಿಕ.

ಕೊನೆಗೂ! ಕಂಡಕ್ಟರು ಗಡಬಡಿಸಿ ಎದ್ದು ಕುಳಿತು ಬಾಯಿ ತೆರೆದರು. ಕ್ಷೌರಿಕ ಮಾತು ನಿಲ್ಲಿಸಿರಲಿಲ್ಲ.

"ಅವರಂಥ ಮನುಷ್ಯ ಈ ರಸ್ತೆಗೆ ಮತ್ತೆ ಬರಲಿಲ್ಲ ಅಕ್ಕ. ತಲೆ ತುಂಬ ಗುಂಗುರು ಕೂದಲು, ಬೆತ್ತದ ಹಾಗೆ ಮೈ. ಈ ಇಳಿಜಾರಲ್ಲಿ ಬಸ್ಸು ಹೆಂಗೇ ಬರಲಿ, ಒಂದು ಕಂಬಿ ಹಿಡೀತಿರಲಿಲ್ಲ. ನೋಡೋಕೆ ಅಂತಲೇ ನಾನು ಬಾಗಿಲಿಗೆ ಬರ್ತಿದ್ದೆ. ಇವತ್ತಿಗೂ ನನ್ನ ಮೊಮ್ಮಕ್ಕಳಿಗೆ ಹೇಳ್ತೀನಿ, ನಿಂತ್ರೆ ಆ ಕಂಡಕ್ಟರ ಹಾಗೆ ನಿಲ್ಲಬೇಕು ಅಂತ!"

ಕಂಡಕ್ಟರು ತೆರೆದ ಬಾಯನ್ನು ಮುಚ್ಚಿದರು. ತಲೆಯಿಂದ ಹೆಲ್ಮೆಟ್ ಜಾರಿ ಬೋಳು ಹೊಳೆಯುತ್ತಿತ್ತು. ಹೊಟ್ಟೆ ಅಂಗಿಯ ಗುಂಡಿಯನ್ನು ದೂಡುತ್ತಿತ್ತು. ಒಂದು ಕಾಲು ಹಾಸಿಗೆಯ ಮೇಲೆ, ಇನ್ನೊಂದು ಕಾಲು ದಿಂಬುಗಳ ನಡುವೆ. ಈ ಅವತಾರದಲ್ಲಿ "ಅವನೇ ನಾನು" ಎಂದರೆ ಆ ಮುದುಕನ ಮೊಮ್ಮಕ್ಕಳ ಗತಿ ಏನು? ಇಷ್ಟು ದೂರ ಗುರುತು ಹಿಡಿಸಿಕೊಳ್ಳಲೆಂದೇ ಬಂದ ಮನುಷ್ಯ ಈಗ ಹೆಂಡತಿಯ ಕಡೆ ನೋಡಿ, ಬೇಡ, ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು.

ಇಂಥ ಅವಕಾಶ ಯಾವ ಹೆಂಡತಿಗೆ ಸಿಗುತ್ತದೆ ಹೇಳಿ! ಒಂದೇ ಮಾತು ಸಾಕಿತ್ತು, ಊರಿಡೀ ನಗುತ್ತಿತ್ತು. ಆಕೆ ಗಂಡನನ್ನು ಒಮ್ಮೆ ನೋಡಿದರು, ಕ್ಷೌರಿಕನನ್ನು ಒಮ್ಮೆ ನೋಡಿದರು.

"ಚೆನ್ನಾಗಿದಾರಪ್ಪ. ಈಗ್ಲೂ ಹಾಗೇ ಇದಾರೆ, ಬೆತ್ತದ ಹಾಗೆ. ಅವರಿಗೆ ಬರೋಕಾಗಲಿಲ್ಲ" ಎಂದರು. ಗಾಬರಿಯಿಂದ ಬಂದ ಗೈಡ್ ಹುಡುಗಿ ಏನೋ ಹೇಳಹೋದಳು. ಹೆಂಡತಿ ಬೀರಿದ ಒಂದು ನೋಟಕ್ಕೆ ಅವಳೂ ಬಾಯಿ ಮುಚ್ಚಿದಳು.

"ಮತ್ತೆ ಇವರು ಯಾರಕ್ಕ?"

"ಇವರಾ? ನಮ್ಮ ಟೂರಿನವರು. ಪಾಪ, ದಾರಿ ತಪ್ಪಿದ್ರು."

ಕಂಡಕ್ಟರಿಗೆ ಹೆಂಡತಿಯ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು. ಅಂಗಿ ಕೊಡವಿಕೊಂಡು ಎದ್ದು, ಹೋಗಿ ಆಕೆಯ ಮಗ್ಗುಲಲ್ಲಿ ನಿಂತು, ಮೆಲ್ಲಗೆ ಆಕೆಯ ಕೈ ಹಿಡಿದುಕೊಂಡರು.

ಕ್ಷೌರಿಕನ ಮುಖ ಗಂಟಿಕ್ಕಿತು. ಕತ್ತರಿಯ ತುದಿಯಿಂದ ಆ ಕೈಯನ್ನು ತೋರಿಸಿ, ಕಂಡಕ್ಟರ ಕಿವಿಯ ಹತ್ತಿರ ಬಾಯಿ ತಂದು ಹೇಳಿದ:

"ನೋಡಿ ಸಾರ್, ವಯಸ್ಸಾದೋರು, ಬೇಜಾರು ಮಾಡ್ಕೋಬೇಡಿ. ಸ್ವಲ್ಪ ದೂರ ನಿಂತ್ಕೊಳ್ಳಿ. ಅಕ್ಕನ ಗಂಡನಿಗೇನಾದ್ರೂ ಗೊತ್ತಾದ್ರೆ ನಿಮ್ಮನ್ನ ಸುಮ್ಮನೆ ಬಿಡೋ ಆಸಾಮಿ ಅಲ್ಲ!"

ಕಂಡಕ್ಟರು ತಲೆಯಾಡಿಸಿ, ಕೈ ಬಿಟ್ಟು, ತಮ್ಮ ಹೆಂಡತಿಯಿಂದ ಎರಡು ಹೆಜ್ಜೆ ದೂರ ಸರಿದು ನಿಂತರು.