‘ಒಪ್ಪುತ್ತೇನೆ’ ಒತ್ತಿ

ಊರಿನ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಡುವ ಕಂಪನಿಯಲ್ಲಿ ಅವನ ಕೋಣೆಗೆ ಮಾತ್ರ ಕಿಟಕಿ ಇರಲಿಲ್ಲ. ಕೋಣೆ ಎನ್ನುವುದೂ ಮರ್ಯಾದೆಗೆ ಆಡುವ ಮಾತು. ಬಟ್ಟೆಯ ಸುರುಳಿಗಳನ್ನು ಒಟ್ಟಿದ್ದ ಉಗ್ರಾಣದ ಮೂಲೆ ಅದು. ಅಲ್ಲೊಂದು ಮೇಜು, ಮೇಜಿನ ಮೇಲೊಂದು ಕಂಪ್ಯೂಟರ್, ಅದರ ಮುಂದೆ ಅವನು. ಕೆಲಸದವರು ಇಬ್ಬರಿಗೂ ಸೇರಿಸಿ ಒಂದೇ ಹೆಸರಿಟ್ಟಿದ್ದರು. “ಕಂಪ್ಯೂಟರ್ ಊಟಕ್ಕೆ ಹೋಯ್ತಾ?” ಎಂದರೆ ಅವನು, “ಕಂಪ್ಯೂಟರ್ ಯಾಕೋ ಬಿಸಿ ಆಗಿದೆ” ಎಂದರೆ ಯಂತ್ರ. (ಅವನಿಗೆ ಬಿಸಿಯಾಗುವ ಅಭ್ಯಾಸವಿರಲಿಲ್ಲ.)

ಕಂಪನಿ ಅವನ ಹೆಂಡತಿಯದು. ಒಂದೇ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಶುರುಮಾಡಿ, ಬೆರಳು ಚುಚ್ಚಿಸಿಕೊಂಡು ಕಟ್ಟಿದ್ದು. ಕೆಳಗೆ ಕಂಪನಿ, ಮೇಲೆ ಮನೆ, ಮಧ್ಯೆ ಮೆಟ್ಟಿಲು. ಕೆಲಸದವರ ಬಾಯಲ್ಲಿ ಅವಳು ‘ಯಜಮಾನಿ’. ಅವನ ಬಾಯಲ್ಲಿ ಮೇಲೆ ‘ಏನೇ’, ಕೆಳಗೆ ‘ಮೇಡಂ’. ಮೆಟ್ಟಿಲ ನಡುವೆ ಎದುರಾದರೆ ಏನೆಂದು ಕರೆಯಬೇಕೋ ತಿಳಿಯದೆ ಅವನು ಕೆಮ್ಮುತ್ತಿದ್ದ. ಮದುವೆಯಾದಾಗಿನಿಂದ ಅವನಿಗೆ ಬಂದ ಕೆಮ್ಮೆಲ್ಲ ಆ ಮೆಟ್ಟಿಲಿನದೇ.

ಗಿರಾಕಿಗಳು ಕಂಪನಿಯ ವೆಬ್‌ಸೈಟಿನಲ್ಲಿ ಖಾತೆ ತೆರೆದು ತಮ್ಮ ಕಿಟಕಿಗಳ ಅಳತೆ ಬರೆದಿಡುತ್ತಿದ್ದರು. ಪರದೆ ಹಳೆಯದಾಗಿ ಹೊಸದು ಬೇಕೆನಿಸುವ ಹೊತ್ತಿಗೆ ಪಾಸ್‌ವರ್ಡ್ ಮರೆತಿರುತ್ತಿದ್ದರು. ಮರೆತವರು ಫೋನ್ ಮಾಡುತ್ತಿದ್ದರು. ಫೋನ್ ಎತ್ತುತ್ತಿದ್ದವಳು ಯಜಮಾನಿ.

“ರೀ, ಇವತ್ತೂ ಬೆಳಗ್ಗೆಯಿಂದ ಬರೀ ಪಾಸ್‌ವರ್ಡ್ ಪುರಾಣ. ಜನ ಪರದೆ ಕೊಳ್ಳೋಕೆ ಫೋನ್ ಮಾಡ್ತಾರೋ, ಜ್ಞಾಪಕಶಕ್ತಿ ಕೊಳ್ಳೋಕೆ ಮಾಡ್ತಾರೋ?” ಎಂದಳು ಅವಳು ಊಟದ ಮೇಜಿನಲ್ಲಿ.

“ಅವರು ಮರೆತರೆ ನಾನೇನು ಮಾಡ್ಲೇ?”

“ನೀವೇನೂ ಮಾಡಲ್ಲ ಅನ್ನೋದು ಲೋಕಕ್ಕೇ ಗೊತ್ತು. ಏನಾದ್ರೂ ಮಾಡೋಕಾಗುತ್ತಾ ಅಂತ ಕೇಳ್ದೆ.”

ಅವನು ತಟ್ಟೆ ನೋಡುತ್ತ ಮೆಲ್ಲಗೆ ಹೇಳಿದ: “ಜನ ದಿನವಿಡೀ ನೋಡ್ತಾ ಕೂರೋ ಜಾಲತಾಣ ಇದೆಯಲ್ಲ, ಅಲ್ಲಿನ ಖಾತೆಯಿಂದಾನೇ ನಮ್ಮಲ್ಲಿಗೂ ಬರೋ ಹಾಗೆ ಮಾಡಬಹುದು. ಒಂದು ಬಟನ್ ಒತ್ತಿದ್ರೆ ಸಾಕು. ಪಾಸ್‌ವರ್ಡೇ ಬೇಡ.”

“ಏನಂದ್ರಿ? ಬಾಯಿ ಬಿಟ್ಟು ಹೇಳಿ.”

ಅವನು ಬಾಯಿ ಬಿಡುವಷ್ಟರಲ್ಲಿ ಎದುರಿಗೆ ಕೂತಿದ್ದ ಅವಳ ತಮ್ಮ ಮೇಜು ಕುಟ್ಟಿದ. “ಅಕ್ಕಾ, ಐಡಿಯಾ! ಸೋಶಿಯಲ್ ಮೀಡಿಯಾ ಖಾತೆಯಿಂದ ನೇರ ಒಳಗೆ! ಒಂದೇ ಬಟನ್!” ಈ ಭಾವಮೈದನನ್ನು ಎಲ್ಲರೂ ಕರೆಯುತ್ತಿದ್ದದ್ದೇ ‘ಐಡಿಯಾ’ ಎಂದು. ತಲೆಯಲ್ಲಿ ನೂರು, ಕೈಯಲ್ಲಿ ಸೊನ್ನೆ. ಆ ನೂರರಲ್ಲಿ ತೊಂಬತ್ತು ಭಾವನ ತಟ್ಟೆಯಿಂದ ಎತ್ತಿಕೊಂಡದ್ದು.

“ನೋಡಿ, ಹೀಗೆ ಯೋಚನೆ ಮಾಡ್ಬೇಕು,” ಎಂದಳು ಅಕ್ಕ. “ಯಾರು ಈ ಫೋನ್ ಕಾಟ ನಿಲ್ಲಿಸ್ತೀರೋ ಅವರಿಗೆ ನನ್ನ ಕೋಣೆಯ ಇನ್ನೊಂದು ಮೇಜು.”

ಅವನ ಕೈಯ ತುತ್ತು ಅಲ್ಲೇ ನಿಂತಿತು. ಯಜಮಾನಿಯ ಗಾಜಿನ ಕೋಣೆಯಲ್ಲಿ ಖಾಲಿ ಮೇಜೊಂದಿತ್ತು. ಅದರ ಪಕ್ಕದಲ್ಲಿ ಕಿಟಕಿ. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ಒಂದು ಮರ. ಆ ಮರದಲ್ಲಿ ವಿಶೇಷವೇನೂ ಇರಲಿಲ್ಲ. ಆದರೆ ಉಗ್ರಾಣದಲ್ಲಿ ಕೂತು ವರ್ಷಗಟ್ಟಲೆ ಗೋಡೆ ನೋಡಿದವನಿಗೆ ಅದು ಕಲ್ಪವೃಕ್ಷ.

ಮರುದಿನವೇ ಕೆಲಸ ಶುರುವಾಯಿತು. ಮೊದಲು ಆ ಜಾಲತಾಣದವರಲ್ಲಿ ಕಂಪನಿಯನ್ನು ನೋಂದಾಯಿಸಬೇಕು. ‘ಗಿರಾಕಿಗೆ ಕಾಣಬೇಕಾದ ಹೆಸರು’ ಎಂಬ ಜಾಗ ತುಂಬದೆ ಮುಂದಕ್ಕೆ ಹೋಗಗೊಡದು. ಬೆರಳೆತ್ತಿ ಟೈಪ್ ಮಾಡಬೇಕು, ಅಷ್ಟರಲ್ಲಿ ಗಾಜಿನ ಕೋಣೆಯಿಂದ ಯಜಮಾನಿಯ ಕೂಗು ಬಂತು: “ರೀ ಕಂಪ್ಯೂಟರ್, ಪ್ರಿಂಟರ್‌ಗೆ ಕಾಗದ ಹಾಕಿ!” ಹಾಕಿ ಬಂದು ಕೂತ. “ರೀ, ಉಲ್ಟಾ ಹಾಕಿದೀರಿ!” ತಿರುಗಿಸಿ ಬಂದು ಕೂತ. “ರೀ, ಮೊದಲಿದ್ದದ್ದೇ ಸರಿ ಇತ್ತು!” ಮೂರನೆಯ ಸಲ ಬಂದು ಕೂತವನ ಬೆರಳು ಹೊಡೆದ ಹೆಸರು ‘ಯಜಮಾನಿ ಕಾಟ’. ಪ್ರಯೋಗಕ್ಕೆ ತಾನೇ, ಆಮೇಲೆ ಬದಲಿಸಿದರಾಯಿತು ಎಂದುಕೊಂಡ. ತನ್ನ ಖಾತೆಯಿಂದಲೇ ಬಟನ್ ಒತ್ತಿ ನೋಡಿದ. ಕಂಪ್ಯೂಟರಿನ ಪರದೆಯ ಮೇಲೆ ಅಕ್ಷರ ಮೂಡಿತು: ‘ಯಜಮಾನಿ ಕಾಟ ನಿಮ್ಮ ಹೆಸರು ಮತ್ತು ಭಾವಚಿತ್ರ ನೋಡಲು ಅನುಮತಿ ಬೇಡುತ್ತಿದೆ.’ ಕೆಳಗೆ ಎರಡು ಬಟನ್: ‘ಒಪ್ಪುತ್ತೇನೆ’, ‘ರದ್ದುಮಾಡಿ’. ಬೇಡುವುದು! ಅದೂ ಅನುಮತಿ! ಬಟ್ಟೆಯ ಸುರುಳಿಗಳ ನಡುವೆ ಅವನು ಒಬ್ಬನೇ ನಕ್ಕ. ನಕ್ಕು ‘ಒಪ್ಪುತ್ತೇನೆ’ ಒತ್ತಿದ.

ಆ ಜಾಲತಾಣ ಅನುಮತಿ ಕೇಳುವುದು ಒಂದೇ ಸಲ. ಒಮ್ಮೆ ಒಪ್ಪಿದವನನ್ನು ಮತ್ತೆ ಕೇಳುವುದಿಲ್ಲ. (ಮದುವೆಯ ಹಾಗೆ.) ಮುಂದೆ ಎಷ್ಟು ಸಲ ಪರೀಕ್ಷಿಸಿದರೂ ಆ ಪುಟ ಅವನ ಕಣ್ಣಿಗೆ ಬೀಳಲಿಲ್ಲ. ಕಣ್ಣಿಗೆ ಬೀಳದ್ದು ಮನಸ್ಸಿನಿಂದಲೂ ಜಾರಿತು.

ಉಳಿದದ್ದನ್ನೆಲ್ಲ ಅವನು ತಾಯಿ ಮಗುವಿನ ತಲೆ ಬಾಚುವ ಹಾಗೆ ನೋಡಿಕೊಂಡ. ಬಟನ್ನಿನ ಬಣ್ಣ, ಅಕ್ಷರದ ದಪ್ಪ, ಹಳೆಯ ಖಾತೆ ಹೊಸದಕ್ಕೆ ಕೂಡಿಕೊಳ್ಳುವ ಬಗೆ, ಎಲ್ಲವನ್ನೂ. ಅಳತೆಯ ಜಾಗದಲ್ಲಿ ಯಾರೂ ಸೊನ್ನೆ ಬರೆದು ಗೊಂದಲ ಮಾಡದಿರಲೆಂದು ಅದಕ್ಕೊಂದು ಕಾವಲನ್ನೂ ಹಾಕಿದ. ಕಿಟಕಿಯೇ ಇಲ್ಲದ ಮನುಷ್ಯ ಪರದೆಯ ಕಂಪನಿಗೆ ಯಾಕೆ ಬಂದಾನು? ಜಾಲತಾಣದವರು ಎಲ್ಲವನ್ನೂ ಪರಿಶೀಲಿಸಿ ಒಪ್ಪಿಗೆ ಕೊಟ್ಟರು. ಅವರಿಗೆ ಭಾಷೆ ತಿಳಿಯಲಿಲ್ಲವೋ, ಅವರ ಮನೆಯಲ್ಲೂ ಒಬ್ಬಳು ಯಜಮಾನಿ ಇದ್ದಳೋ.

ಬಟನ್ ಬಂದ ದಿನ ಫೋನು ಮೂಕವಾಯಿತು. ಯಜಮಾನಿ ಅದನ್ನೆತ್ತಿ ಕೆಟ್ಟಿಲ್ಲವಷ್ಟೇ ಎಂದು ಕಿವಿಗಿಟ್ಟು ನೋಡಿದಳು. “ರೀ,” ಎಂದಳು, ಕೆಳಗೆ, ಎಲ್ಲರ ಎದುರಿಗೆ, “ಪರವಾಗಿಲ್ವೇ ನೀವು!” ಅವನು ಉಗ್ರಾಣಕ್ಕೆ ಹೋಗಿ ತನ್ನ ಪೆನ್ನು, ಕನ್ನಡಕದ ಡಬ್ಬಿ, ನೀರಿನ ಲೋಟ ಎತ್ತಿಕೊಂಡು ಗಾಜಿನ ಕೋಣೆಗೆ ಬಂದ. ಮೇಜಿನ ಧೂಳನ್ನು ಅಂಗಿಯ ತೋಳಿನಿಂದಲೇ ಒರೆಸಿದ. ಕಿಟಕಿಯಾಚೆ ಮರವಿತ್ತು.

ಆಗ ಫೋನ್ ಬಡಿದುಕೊಂಡಿತು. ಯಜಮಾನಿಯ ಕೈತುಂಬ ಬಟ್ಟೆಯ ಮಾದರಿ, ಅದಕ್ಕೆ ಸ್ಪೀಕರ್ ಒತ್ತಿದಳು. ಆಚೆ ಕಡೆ ನಿವೃತ್ತ ಮೇಷ್ಟ್ರು, ಹಳೆಯ ಗಿರಾಕಿ.

“ಅಮ್ಮಾ, ಒಂದು ಸಂದೇಹ. ನಿಮ್ಮ ಬಟನ್ ಒತ್ತಿದೆ. ‘ಯಜಮಾನಿ ಕಾಟ’ ಅನ್ನೋರು ಯಾರೋ ನನ್ನ ಹೆಸರು, ಫೋಟೋ ಕೇಳ್ತಿದ್ದಾರೆ. ಕೊಡಬಹುದಾ?”

ಕತ್ತರಿಗಳು ನಿಂತವು. ಹೊಲಿಗೆ ಯಂತ್ರಗಳು ನಿಂತವು.

“ಯಾವ ಕಾಟ?” ಎಂದಳು ಅವಳು.

“ಯಜಮಾನಿ ಕಾಟ. ‘ಕ’ಕ್ಕೆ ದೀರ್ಘ. ನಮ್ಮ ಮನೇಲಿ ಆಗಲೇ ಒಂದಿದೆಯಮ್ಮಾ, ಅದಕ್ಕೆ ಕೇಳ್ದೆ.”

ಅವಳು ಫೋನ್ ಇಟ್ಟು ಅವನ ಕಡೆ ತಿರುಗಿದಳು. ಗಾಜಿನ ಕೋಣೆಯ ದೋಷವೆಂದರೆ ಅದಕ್ಕೆ ಪರದೆ ಇಲ್ಲದಿರುವುದು, ಹೊರಗಿನವರಿಗೆಲ್ಲ ಕಾಣುತ್ತಿತ್ತು.

“ಇದು ಯಾರಿಟ್ಟ ಹೆಸರು?”

“ಮೇಡಂ, ಅದು ಪ್ರಯೋಗಕ್ಕೆ...” ಅವನು ಕೆಮ್ಮಿದ. “ಅಲ್ಲ, ಅಂದ್ರೆ ಏನೇ, ಸುಮ್ನೆ. ನಿಜವಲ್ಲದ್ದು.”

“ನಿಜವಲ್ವಾ?”

‘ಅಲ್ಲ’ ಎನ್ನಲು ಒಂದು ಕ್ಷಣ ಸಾಕಾಗಿತ್ತು. ಅವನು ಎಂದೂ ಅವಸರದಲ್ಲಿ ಉತ್ತರ ಕೊಟ್ಟವನಲ್ಲ. ಆ ಕ್ಷಣವನ್ನೂ ಯೋಚನೆಯಲ್ಲೇ ಕಳೆದ. ಅವಳಿಗೆ ಉತ್ತರ ಸಿಕ್ಕಿತು.

“ಎಷ್ಟು ಜನ ಒಪ್ಪಿದ್ದಾರೆ?”

“ಒತ್ತಿದವರು ಹೆಚ್ಚುಕಡಿಮೆ ಎಲ್ಲರೂ.”

“ಕಾಟ ಅಂತ ಗೊತ್ತಿದ್ದೂ ನನ್ನ ಮುಖ ನೋಡದವರೆಲ್ಲ ಒಪ್ಪಿದ್ದಾರೆ,” ಎಂದಳು ಅವಳು. ಸ್ವರ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. “ಜೊತೆಗೆ ಸಂಸಾರ ಮಾಡಿದವರಿಗೆ ಮಾತ್ರ ಒಪ್ಪೋಕೆ ಆಗಿಲ್ಲ.”

“ಬದಲಿಸ್ತೀನಿ ಕಣೇ. ಅವರು ಮತ್ತೆ ಪರಿಶೀಲಿಸಬೇಕು, ಸ್ವಲ್ಪ ದಿನ...”

“ಅಕ್ಕಾ, ಐಡಿಯಾ!” ಮೊಬೈಲ್ ಎತ್ತಿ ಹಿಡಿದು ಭಾವಮೈದ ಒಳಗೆ ನುಗ್ಗಿದ. “ಬದಲಿಸ್ಬೇಡ! ಜನ ಆ ಪುಟದ ಚಿತ್ರ ತೆಗೆದು ಊರಿಗೆಲ್ಲ ಹಂಚ್ತಿದ್ದಾರೆ. ಹೆಂಡತಿ ಗಂಡನಿಗೆ, ಸೊಸೆ ಅತ್ತೆಗೆ! ಬರೀ ನಗೋದಕ್ಕೆ ಅಂತ ಖಾತೆ ತೆರೀತಿದ್ದಾರೆ, ನಕ್ಕವರು ಹಾಗೇ ಪರದೇನೂ ನೋಡ್ತಿದ್ದಾರೆ. ಹೆಸರು ಹೀಗೇ ಇರ್ಲಿ!”

ಯಜಮಾನಿ ತಮ್ಮನ ಮೊಬೈಲನ್ನು ಬಹಳ ಹೊತ್ತು ನೋಡಿದಳು. ಅವಳೊಳಗಿನ ಹೆಂಡತಿಯೂ ವ್ಯಾಪಾರಿಯೂ ಜಗಳವಾಡುತ್ತಿದ್ದುದು ಮುಖದ ಮೇಲೇ ಕಾಣುತ್ತಿತ್ತು. ಗೆದ್ದದ್ದು ವ್ಯಾಪಾರಿ.

“ಇರ್ಲಿ,” ಎಂದಳು. “ಆ ಮೇಜು ನೀನು ತಗೋ.”

ಭಾವಮೈದ ಆಗಲೇ ಕೂತಿದ್ದ. “ಭಾವ, ನಿಮ್ಮ ಲೋಟ,” ಎಂದು ನೀರಿನ ಲೋಟವನ್ನು ಎತ್ತಿ ಕೊಟ್ಟ. ಮರ್ಯಾದಸ್ಥ ಹುಡುಗ.

ಅವನು ಪೆನ್ನು, ಡಬ್ಬಿ, ಲೋಟ ಹಿಡಿದು ಬಾಗಿಲಿಗೆ ಬಂದಾಗ ಅವಳು ತಡೆದಳು. “ನೀವು ಒಪ್ಪಿದೀರಾ?”

“ಯಾವತ್ತೋ. ಪ್ರಯೋಗದ ಹೊತ್ತಲ್ಲೇ.”

“ನಗ್ತಾ ಒಪ್ಪಿರ್ತೀರಿ. ಅದನ್ನ ರದ್ದುಮಾಡಿ. ನನ್ನ ಎದುರಿಗೆ ಇನ್ನೊಂದು ಸಲ ಒಪ್ಪಿ.”

ಉಗ್ರಾಣದ ಕಂಪ್ಯೂಟರಿನ ಮುಂದೆ ಅವನು ಕೂತ. ಬೆನ್ನ ಹಿಂದೆ ಅವಳು ನಿಂತಳು. ಹಳೆಯ ಅನುಮತಿಯನ್ನು ಅಳಿಸಿ, ಗಿರಾಕಿಯ ಹಾಗೆ ಹೊಸದಾಗಿ ಬಟನ್ ಒತ್ತಿದ. ‘ಯಜಮಾನಿ ಕಾಟ ಅನುಮತಿ ಬೇಡುತ್ತಿದೆ.’ ಪಕ್ಕದಲ್ಲೇ ‘ರದ್ದುಮಾಡಿ’ ಎಂಬುದೂ ಇತ್ತು. ಅಕ್ಷರಗಳು ಎರಡಕ್ಕೂ ಒಂದೇ ದಪ್ಪ. ಅವನು ‘ಒಪ್ಪುತ್ತೇನೆ’ ಒತ್ತಿದ. ಅವಳು ಹೊರಟುಹೋದಳು. ಕೆಳಮಹಡಿಯ ನಿಯಮದ ಪ್ರಕಾರ ‘ಮೇಡಂ’ ಎಂದು ಕೂಗಬೇಕಿತ್ತು. ‘ಏನೇ’ ಎಂದು ಬಾಯಿಗೆ ಬಂತು. ಕೊನೆಗೆ ಕೆಮ್ಮಿದ.

ಪುಟ ತೆರೆದುಕೊಂಡಿತು. ‘ಸ್ವಾಗತ! ನಿಮ್ಮ ಕಿಟಕಿಯ ಅಳತೆ ತಿಳಿಸಿ.’

ಅವನು ಎದುರಿನ ಗೋಡೆ ನೋಡಿದ. ಸುಳ್ಳು ಬರೆದು ಅಭ್ಯಾಸವಿಲ್ಲದ ಮನುಷ್ಯ. ಅಗಲ ಸೊನ್ನೆ, ಎತ್ತರ ಸೊನ್ನೆ ಎಂದು ತುಂಬಿದ.

ಅವನೇ ಹಾಕಿದ್ದ ಕಾವಲು ಎದ್ದು ನಿಂತು, ಅವನೇ ಬರೆದಿದ್ದ ವಿನಯದ ಮಾತನ್ನು ಕೆಂಪಕ್ಷರದಲ್ಲಿ ಹೇಳಿತು: ‘ಇಂಥ ಕಿಟಕಿ ಇರಲಾರದು. ದಯವಿಟ್ಟು ಇನ್ನೊಮ್ಮೆ ಅಳೆದು ನೋಡಿ.’